ಈರಭದ್ರ ಡೈರಿಯ ಕಂಪ್ಯೂಟರಿಗೆ ಬುದ್ಧಿ ಕಲಿಸಿದ್ದು

ದೇವರು ಬುದ್ಧಿ ಹಂಚುತ್ತಿದ್ದಾಗ ಈರಭದ್ರ ತನ್ನ ಹೆಸರು ಕೂಗಲಿ ಎಂದು ಕೂತಿದ್ದನಂತೆ. ಕೂಗಿದ್ದು ಕೇಳಿಸಲಿಲ್ಲ, ಕೂತೇ ಇದ್ದ. ಆದರೂ ಶಿವ ದೊಡ್ಡವನು. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ವಿದ್ಯೆಯೊಂದನ್ನು ಕೊಟ್ಟಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಅವನ ತಾಯಿ ನಂಜವ್ವ ಊರ ಹಾಲಿನ ಡೈರಿಯ ಕಾರ್ಯದರ್ಶಿ. ಹಾಲು ತೂಗುವ ಯಂತ್ರ ಬಂತು, ಚೀಟಿ ಹಾಕುವ ಪ್ರಿಂಟರು ಬಂತು. ಎರಡನ್ನೂ ಆಡಿಸುವ ಆಪರೇಟಿಂಗ್ ಸಿಸ್ಟಂ ಬರೆಯುವ ಕೆಲಸ ಮಗನ ಪಾಲಿಗೆ ಬಂತು. ಬೆಳಿಗ್ಗೆ ಏಳಕ್ಕೆ ಒಕ್ಕೂಟದ ವ್ಯಾನು. "ಇನ್ನು ನಾಲ್ಕು ದಿನದೊಳಗೆ ಹೊತ್ತಿಗೆ ಸರಿಯಾಗಿ ಹಾಲು ತುಂಬದಿದ್ದರೆ ಡೈರಿ ಪಕ್ಕದೂರಿಗೆ!" ಎಂದು ಒಕ್ಕೂಟದ ಸಾಹೇಬರು ಹೇಳಿಹೋಗಿದ್ದರು.

"ಮಗಾ, ಹಾಲು ತೂಗಿಸು, ಚೀಟಿ ಹಾಕಿಸು, ಚೀಟಿ ಬರೋವರೆಗೂ ಅಲ್ಲೇ ಇರು" ಎಂದಳು ನಂಜವ್ವ.

ಹಾಗೇ ಬರೆದ. ಪ್ರಿಂಟರು ಕೊರ್ ಕೊರ್ ಎಂದಿತು. ಕಂಪ್ಯೂಟರು ಅದರ ಮುಖ ನೋಡುತ್ತ ನಿಂತಿತು. ತೂಕ ನಿಂತಿತು, ಸಾಲು ನಿಂತಿತು. ವ್ಯಾನು ಮಾತ್ರ ನಿಲ್ಲಲಿಲ್ಲ!

"ಅಯ್ಯೋ ಮಂಕೆ! ಅದು ಚೀಟಿ ಹಾಕ್ತಿರ್ಲಿ, ನೀನು ಮುಂದಿನವರ ಹಾಲು ತೂಗಬಾರದೇನೋ? ಆಯ್ತಾ ಆಯ್ತಾ ಅಂತ ಕೇಳ್ತಾ ಇರು!"

"ಆಗಲಿ ಅವ್ವಾ."

ಮಾರನೆಯ ದಿನ ಪರದೆ ತುಂಬ "ಆಯ್ತಾ? ಆಯ್ತಾ? ಆಯ್ತಾ?" ಕೇಳುವುದರಲ್ಲೇ ಹೊತ್ತು ಹೋಗಿ ತೂಗಲು ಪುರುಸೊತ್ತೇ ಇಲ್ಲ!

"ಏನೇ ನಂಜವ್ವ, ನಿನ್ನ ಕಂಪ್ಯೂಟರು ಸೊಸೆ ಬಸುರಾದಳಾ ಅಂತ ದಿನಾ ಕೇಳೋ ಅತ್ತೆ ಥರ ಆಡ್ತದಲ್ಲೇ!" ಎಂದ ಹಾಲು ತಂದಿದ್ದ ಗುರುಸಿದ್ದಪ್ಪ.

"ಲೋ ಈರಾ, ಕೇಳೋದೇ ಬೇಡ! ಚೀಟಿ ಆದಾಗ ಪ್ರಿಂಟರೇ ಗಂಟೆ ಹೊಡೀಲಿ. ಹೊಡೆದ ಕೂಡಲೇ ಕೈಲಿರೋದನ್ನ ಬಿಟ್ಟು ಅದನ್ನ ನೋಡು!"

"ಆಗಲಿ ಅವ್ವಾ."

ಮೂರನೆಯ ದಿನ ಕಾಳಮ್ಮನ ಹಾಲು ಅರ್ಧ ತೂಗುವಷ್ಟರಲ್ಲಿ ಗಂಟೆ. ಕಂಪ್ಯೂಟರು ಅದನ್ನು ಬಿಟ್ಟಿತು, ಬಿಟ್ಟದ್ದನ್ನು ಮರೆತೂಬಿಟ್ಟಿತು!

"ನನ್ನ ಹಾಲೆಲ್ಲಿ ಹೋಯ್ತೇ?" ಎಂದು ಕಾಳಮ್ಮ ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತಳು. ವ್ಯಾನು ಅರ್ಧ ಖಾಲಿ ಹೋಯಿತು.

ನಂಜವ್ವ ದೇವರ ಮುಂದೆ ದೀಪ ಹಚ್ಚಿ, ಮಗನನ್ನು ಕೂರಿಸಿಕೊಂಡಳು. "ನಾಳೆ ತಪ್ಪಿದರೆ ಡೈರಿ ಹೋಯ್ತು ಕಂದ. ಬಿಡೋ ಮುಂಚೆ ಎಲ್ಲಿಗೆ ಬಿಟ್ಟೆ ಅಂತ ಗುರುತಿಡು. ಗಂಟೆ ಕರೆದ ಕೆಲಸ ಮುಗಿಸು. ವಾಪಸ್ ಬಂದು ಬಿಟ್ಟಲ್ಲಿಂದಲೇ ಶುರು ಮಾಡು."

ನಾಲ್ಕನೆಯ ದಿನ ಗಂಟೆ ಹೊಡೆಯಿತು, ಕಂಪ್ಯೂಟರು ಗುರುತಿಟ್ಟು ಹೋಯಿತು, ಬಂದು ಬಿಟ್ಟಲ್ಲಿಂದ ತೂಗಿತು. ಏಳಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಊರ ಹಾಲೆಲ್ಲ ಕ್ಯಾನು ಸೇರಿತು! ಉಳಿದದ್ದು ಮನೆಯ ಹಸುವಿನ ಒಂದು ಬಿಂದಿಗೆ ಹಾಲು. ಅದನ್ನು ಈರಭದ್ರ ಕ್ಯಾನಿಗೆ ಸುರಿಯುತ್ತಿದ್ದ. ಆಗ ಕೊನೆಯ ಗಂಟೆ! ತಟಕ್ಕನೆ ನಿಲ್ಲಿಸಿ, ಗುರುತಿಗೆಂದು ಕಾಲ ಬಳಿ ಸೀಮೆಸುಣ್ಣದಲ್ಲಿ ಗೀಟೆಳೆದು ಹೋದ. ಕಾಳಮ್ಮನಿಗೆ ಚೀಟಿ ಕೊಟ್ಟು ಬಂದ. ಅಷ್ಟರಲ್ಲಿ ವ್ಯಾನಿನವರು ಕ್ಯಾನು ಎತ್ತಿಕೊಂಡಿದ್ದರು.

"ಡೈರಿ ಇಲ್ಲೇ ಇರಲಿ ನಂಜವ್ವಾ!" ಎಂದು ಸಾಹೇಬರು ವ್ಯಾನಿನಿಂದ ಕೂಗಿದರು.

ನಂಜವ್ವ ಕೈಮುಗಿದು ತಿರುಗಿದರೆ, ಈರಭದ್ರ ಗೀಟಿನ ಮೇಲೆ ನಿಂತು ನೆಲಕ್ಕೆ ಹಾಲು ಸುರಿಯುತ್ತಿದ್ದಾನೆ!

"ಲೋ! ಕ್ಯಾನೆಲ್ಲೋ?"

"ಕ್ಯಾನಿನ ಮಾತು ನೀನು ಎತ್ತಲೇ ಇಲ್ಲವಲ್ಲ ಅವ್ವಾ. ಬಿಟ್ಟ ಜಾಗ ಇದೇ!"

ಬಯ್ಯಲು ಬಾಯಿ ತೆರೆದವಳಿಗೆ ನಗು ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಂಡು ನೋಡಿದಳು. ಬಿಂದಿಗೆ ಖಾಲಿಯಾಗಿತ್ತು. ಮಗ ಮಾತ್ರ ಅದನ್ನು ಬಗ್ಗಿಸಿ ಹಿಡಿದೇ ನಿಂತಿದ್ದ.

ಮುಗಿಯಿತೆಂದು ಬಿಂದಿಗೆ ಗಂಟೆ ಹೊಡೆದಿರಲಿಲ್ಲವಲ್ಲ!