ಸೋರದ ಎಂಜಿನ್ನು

ಕೃಷ್ಣೆಯ ನಡುಗಡ್ಡೆಯ ಮೇಲೊಂದು ಸಣ್ಣ ಮಠ. ಮಠಕ್ಕೊಬ್ಬರು ಅಜ್ಜಾರು, ಹೆಸರು ಮರುಳಜ್ಜ. ಅಜ್ಜಾರಿಗೆ ಒಬ್ಬನೇ ಶಿಷ್ಯ, ದ್ಯಾಮಣ್ಣ.

ದ್ಯಾಮಣ್ಣ ಹುಟ್ಟು ಸನ್ಯಾಸಿಯೇನಲ್ಲ. ಹದಿನಾರು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವನು. ಒಂದು ದಿನ ಎಲ್ಲ ಸಾಕೆನಿಸಿ, ಸ್ಪ್ಯಾನರ್ ಪೆಟ್ಟಿಗೆ ಸಮೇತ ಮಠಕ್ಕೆ ಬಂದುಬಿಟ್ಟ. ಎಲ್ಲ ಬಿಟ್ಟು ಬಂದವನು ಪೆಟ್ಟಿಗೆ ಯಾಕೆ ತಂದ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನಿಗೆ ಗೊತ್ತಿರಲಿಲ್ಲ.

ಮಠದ ಒಲೆ ನೋಡಿಕೊಳ್ಳುವವಳು ನೀಲವ್ವ. ಅವಳ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ಮಂಗಳವಾರ ಮತ್ತು ಶುಕ್ರವಾರ ಹೊಳೆ ದಾಟಿ, ಬಸ್ಸು ಹಿಡಿದು, ತಾಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬೇಸಿಗೆಯಲ್ಲಿ ಹರಿಗೋಲು ಸಾಕಾಗುತ್ತಿತ್ತು. ಮೇಲಿನ ಡ್ಯಾಮಿನ ಗೇಟು ತೆಗೆದರೆಂದರೆ ಹರಿಗೋಲಿನವನು ಕೈಮುಗಿದುಬಿಡುತ್ತಿದ್ದ.

ಹೋದ ಮಳೆಗಾಲ ಹೊಳೆ ಹನ್ನೊಂದು ದಿನ ಇಳಿಯಲಿಲ್ಲ. ನೀಲವ್ವನಿಗೆ ಮೂರು ಸರದಿ ತಪ್ಪಿತು. ಕಾಲು ಬಾತು ಕಂಬದಂತಾದವು, ಮಲಗಿದರೆ ಉಸಿರಾಡಲಾಗುತ್ತಿರಲಿಲ್ಲ. ಬದುಕಿದ್ದೇ ಹೆಚ್ಚು. ಇನ್ನೊಮ್ಮೆ ಹೀಗಾದರೆ ನನ್ನ ಹತ್ತಿರ ಕರಕೊಂಡು ಬರಬೇಡಿ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಆಚೆ ದಡದಲ್ಲಿ ಅವಳನ್ನು ಇಟ್ಟುಕೊಳ್ಳುವವರು ಯಾರೂ ಇರಲಿಲ್ಲ.

ಈ ಸಲದ ಮಳೆಗಾಲ ಹತ್ತಿರವಾದಾಗ ಅಜ್ಜಾರು ದ್ಯಾಮಣ್ಣನನ್ನು ಮಠದ ಹಿತ್ತಲಿಗೆ ಕರೆದರು. ಅಲ್ಲಿ ಬೇವಿನ ಮರದ ಕೆಳಗೆ ಹಳೇ ಮೋಟಾರು ದೋಣಿಯೊಂದು ಬೋರಲು ಬಿದ್ದಿತ್ತು. ಎಂಟು ವರ್ಷದ ಹಿಂದೆ ಯಾರೋ ಗುತ್ತಿಗೆದಾರ ತನಗೆ ಬೇಡವಾದಾಗ ಮಠಕ್ಕೆ ದಾನ ಕೊಟ್ಟಿದ್ದ.

"ಇದನ್ನ ಎಬ್ಬಸ್ತೀಯೇನೋ?" ಎಂದರು ಅಜ್ಜಾರು.

"ಇದರ ಎಂಜಿನ್ ಎಲ್ಲೈತ್ರಿ?"

"ಅಡಗಿಮನಿ ಅಟ್ಟದ ಮ್ಯಾಲೆ. ಚೀಲದಾಗ."

ಅಜ್ಜಾರು ಅವನ ಕೈಗೆ ಒಂದು ವಸ್ತ್ರದ ಗಂಟು ಕೊಟ್ಟರು. "ಹುಂಡಿಯೊಳಗ ಇದ್ದದ್ದು ಇಷ್ಟ. ಮತ್ತ ಕೇಳಬ್ಯಾಡ."

ದ್ಯಾಮಣ್ಣ ಗಂಟನ್ನು ಕೈಯಲ್ಲಿ ತೂಗಿ ನೋಡಿದ. ಹೊಸ ಎಂಜಿನ್ನಿನ ಮಾತು ಬಿಡಿ, ಅದರ ಮುಚ್ಚಳ ಬಂದರೂ ಪುಣ್ಯ. ಆದರೂ ನೆಟ್ಟಗೆ ಅಡುಗೆಮನೆಗೆ ಹೋಗಿ ಹೇಳಿದ: "ಯಕ್ಕಾ, ಈ ಸಲ ಗೇಟ್ ತಗದ್ರೂ ನಿನ್ನ ನಾ ದಾಟಸ್ತೇನಿ. ಚಿಂತಿ ಬಿಡು."

ನೀಲವ್ವ ರೊಟ್ಟಿ ಬಡಿಯುತ್ತಲೇ ಅಂದಳು: "ಮೊದಲ ಆ ದೋಣಿ ಕೆಳಗ ಬೆಕ್ಕು ಮರಿ ಹಾಕೈತಿ, ಅದನ್ನ ದಾಟಸು."

ಕೆಲಸ ಸುರುವಾಯಿತು. ಬಿದ್ದುಹೋದ ದನದ ಕೊಟ್ಟಿಗೆಯ ಸಾಗುವಾನಿ ಬಾಗಿಲು ಬಿಚ್ಚಿ, ಕೊಳೆತ ಹಲಗೆಗಳ ಜಾಗಕ್ಕೆ ಕೂರಿಸಿದ. ಎಂಜಿನ್ನಿನೊಳಗೆ ಇಲಿ ಸಂಸಾರ ಹೂಡಿತ್ತು. ಅದನ್ನು ಒಕ್ಕಲೆಬ್ಬಿಸಿ, ಕಾರ್ಬೋರೇಟರನ್ನು ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿ ತೊಳೆದ. ಪೆಟ್ರೋಲಿನ ಪೈಪು ಒಡೆದಿತ್ತು. ಬೆಳೆಗೆ ಔಷಧ ಹೊಡೆಯುವ ಪಂಪಿನ ಪೈಪನ್ನೇ ಕತ್ತರಿಸಿ ಹಾಕಿದ. ದುಡ್ಡು ಕೊಟ್ಟು ತಂದದ್ದು ಪ್ಲಗ್ಗು, ಗ್ಯಾಸ್ಕೆಟ್ಟು, ಒಂದು ಡಬ್ಬಿ ಡಾಂಬರು. ಗಂಟು ಅಲ್ಲಿಗೇ ಬರಿದಾಯಿತು.

ಹಲಗೆಗಳ ಸಂದಿಗೆ ತುರುಕಲು ಹತ್ತಿ ಬೇಕಿತ್ತು. ಅಜ್ಜಾರು ತಮ್ಮ ಹಾಸಿಗೆಯನ್ನೇ ಹೊರಗೆ ತಂದು ಹೊಲಿಗೆ ಬಿಚ್ಚಿದರು.

"ಅಜ್ಜಾರ, ನೀವು ಎಲ್ಲಿ ಮಲಗ್ತೀರಿ?"

"ನೆಲ ಎಲ್ಲೀ ಹೋಗಿಲ್ಲಲ್ಲ."

ದ್ಯಾಮಣ್ಣ ಹತ್ತಿಯನ್ನು ಬತ್ತಿಯಂತೆ ಹೊಸೆದು, ಡಾಂಬರಿನಲ್ಲಿ ಅದ್ದಿ, ಒಂದೊಂದು ಸಂದಿಗೂ ಉಳಿಯಿಂದ ಬಡಿದು ತುಂಬಿದ. ಇಪ್ಪತ್ತು ದಿನದ ಕೆಲಸ. ಬೆನ್ನು ಬಿದ್ದುಹೋಯಿತು. ಕಡೆಗೊಂದು ಬೆಳಿಗ್ಗೆ ನಡುಗಡ್ಡೆಯ ನಾಕು ಮಂದಿ ಕೈ ಹಚ್ಚಿದರು, ದೋಣಿ ನೀರಿಗಿಳಿಯಿತು.

ಇಳಿದದ್ದೇ ತಡ, ನಲವತ್ತು ಕಡೆ ಸೋರತೊಡಗಿತು.

ನಾಕು ಮಂದಿ ನಗುತ್ತಾ ಮನೆಗೆ ಹೋದರು. ದ್ಯಾಮಣ್ಣ ತಲೆಯ ಮೇಲೆ ಕೈ ಹೊತ್ತು ದಡದಲ್ಲಿ ಕೂತ. ಅಜ್ಜಾರು ಬಂದರು, ನೋಡಿದರು. ಬಗ್ಗಿ ಒಂದು ದೊಡ್ಡ ಕಲ್ಲು ಎತ್ತಿ ದೋಣಿಯೊಳಗೆ ಹಾಕಿದರು. ಇನ್ನೊಂದು ಎತ್ತಿದರು.

"ಅಜ್ಜಾರ! ಏನ್ ಮಾಡಾಕತ್ತೀರಿ?"

"ಮುಳುಗಸಾಕತ್ತೇನಿ. ನೀನೂ ಎರಡು ಎತ್ತು."

"ಇಪ್ಪತ್ತು ದಿನ ಬಡದೇನ್ರಿ ಇದನ್ನ!" ದ್ಯಾಮಣ್ಣನಿಗೆ ಅಳುವೇ ಬಂತು. ಗುರುಗಳಲ್ಲದಿದ್ದರೆ ಕೈ ಹಿಡಿದು ಎಳೆದೇ ಬಿಡುತ್ತಿದ್ದ.

ಅಜ್ಜಾರು ಕಲ್ಲು ಹಾಕುತ್ತಲೇ ಇದ್ದರು. ಮೊಳಕಾಲುದ್ದ ನೀರಿನಲ್ಲಿ ದೋಣಿ ಮೆಲ್ಲಗೆ ತಳಕ್ಕೆ ಕೂತಿತು. ಆಮೇಲೆ ಧೋತರ ಹಿಂಡಿಕೊಳ್ಳುತ್ತಾ ಹೇಳಿದರು: "ನಾಕು ದಿನ ಇದರ ಕಡೆ ಹಾಯಬ್ಯಾಡ."

ಆ ನಾಕು ದಿನ ದ್ಯಾಮಣ್ಣ ಹೊಳೆಗೆ ಬೆನ್ನು ಹಾಕಿ ಕಟ್ಟಿಗೆ ಒಡೆದ. ನೀಲವ್ವ ಮಾತ್ರ ತಟ್ಟೆಗೆ ಅನ್ನ ಹಾಕುವಾಗ, "ನಿನ್ನ ದೋಣಿ ಮೀನಿನ ಮನಿ ಆತಂತಲ್ಲೋ" ಎಂದು ಕೆಣಕುತ್ತಿದ್ದಳು.

ಐದನೇ ದಿನ ಕಲ್ಲು ತೆಗೆದು, ನೀರು ಮೊಗೆದು ಹಾಕಿದರು. ದ್ಯಾಮಣ್ಣ ಒಳಗೆ ಬಗ್ಗಿ ನೋಡಿದ. ಅಂಗೈಯಿಂದ ಸಂದಿ ಸಂದಿ ಸವರಿದ. ಒಂದು ಹನಿ ಇಲ್ಲ.

"ಅಜ್ಜಾರ, ಇದು ಹೆಂಗ್ರಿ?"

"ಎಂಟು ವರ್ಷ ಬಿಸಲಾಗ ಒಣಗಿ ಬಿದ್ದ ಕಟಗಿ ಅದು. ಹೊಟ್ಟಿ ತುಂಬ ನೀರು ಕುಡೀತು, ಉಬ್ಬಿತು, ಒಂದಕ್ಕೊಂದು ಕೂಡತು. ನೀ ಮಾಡೂದು ನೀ ಮಾಡಿದಿ. ಉಳದದ್ದು ನೀರು ಮಾಡಬೇಕಿತ್ತು."

ಇನ್ನು ಎಂಜಿನ್ನು. ಒಂದು ಪೀಪಾಯಿಗೆ ನೀರು ತುಂಬಿಸಿ, ಎಂಜಿನ್ನಿನ ಕಾಲನ್ನು ಅದರೊಳಗೆ ಇಳಿಸಿ, ಹಗ್ಗ ಎಳೆದ. ಹದಿನೇಳನೇ ಎಳೆತಕ್ಕೆ ಕೆಮ್ಮಿತು, ಇಪ್ಪತ್ತನೆಯದಕ್ಕೆ ಹತ್ತಿಕೊಂಡಿತು. ದ್ಯಾಮಣ್ಣನ ಮುಖ ಅರಳಿತು.

ಆಮೇಲೆ ಅದೇ ಮುಖ ಗಂಟಿಕ್ಕಿತು. ಎಂಜಿನ್ನಿನ ಬೆನ್ನಿನಲ್ಲೊಂದು ಸಣ್ಣ ತೂತು; ಅದರಿಂದ ದಾರದಂತೆ ನೀರು ಚಿಮ್ಮುತ್ತಿತ್ತು.

ಹದಿನಾರು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದ ಕೈ ಅದು. ಅವನ ಕೈಯಿಂದ ಹೋದ ಪಂಪು ಎಂದೂ ಒಂದು ಹನಿ ಸೋರಿದ್ದಿಲ್ಲ. ಸೋರುವ ಎಂಜಿನ್ ಕಂಡರೆ ಮೈಮೇಲೆ ಹುಳ ಹರಿದಂತಾಗುತ್ತಿತ್ತು ಅವನಿಗೆ. ಪೆಟ್ಟಿಗೆಯಿಂದ ಪೈಪಿಗೆ ಮೆತ್ತುವ ಅಂಟು ತೆಗೆದ, ತೂತಿಗೆ ಗಟ್ಟಿಯಾಗಿ ಮೆತ್ತಿದ, ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿದ. ತೂತಿತ್ತು ಎಂದು ಹೇಳಿದರೂ ನಂಬದ ಹಾಗಾಯಿತು.

ಸಂಜೆ ಅಜ್ಜಾರು ಕೇಳಿದರು: "ಏನಾರ ತೊಂದ್ರಿ ಐತೇನು?"

"ಏನೂ ಇಲ್ರಿ. ಎಲ್ಲಾ ಪಕ್ಕಾ ಐತಿ. ಶುಕ್ರವಾರ ಯಕ್ಕನ್ನ ಕುಂಡರಿಸಿಕೊಂಡು ಒಂದು ರೌಂಡು ಹೊಡೀತೇನಿ."

"ನೀಲವ್ವ ಆಮೇಲೆ. ನಾಳೆ ನಾ ಕುಂಡ್ರತೇನಿ."

ಅಜ್ಜಾರಿಗೆ ಈಜು ಬಾರದೆಂಬುದು ನಡುಗಡ್ಡೆಗೆಲ್ಲ ಗೊತ್ತು. ನೀಲವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಬೇಡವೆಂದಳು. ಅಜ್ಜಾರು ಕೇಳಿಸಿಕೊಳ್ಳಲಿಲ್ಲ.

ಮರುದಿನ ದೋಣಿ ಹೊರಟಿತು. ದ್ಯಾಮಣ್ಣ ಒಂದು ಕೈಯಲ್ಲಿ ಎಂಜಿನ್ ಹಿಡಿದು, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ದಡದಲ್ಲಿ ನಿಂತವರ ಕಡೆ ಕೈ ಬೀಸಿದ. ಒಂದು ಪದವನ್ನೂ ಗುನುಗಿದ.

ನಡು ಹೊಳೆಯಲ್ಲಿ ಬಣ್ಣ ಸುಟ್ಟ ವಾಸನೆ ಬಂತು. ದ್ಯಾಮಣ್ಣ ಮೂಗು ಹಿಗ್ಗಿಸಿ ಆಚೀಚೆ ನೋಡುವಷ್ಟರಲ್ಲಿ ಎಂಜಿನ್ನು ಎರಡು ಸಲ ಬಿಕ್ಕಿ ನಿಂತುಹೋಯಿತು.

ಹಗ್ಗ ಎಳೆದ. ಮತ್ತೆ ಎಳೆದ. ದೋಣಿ ಸೆಳವಿಗೆ ಸಿಕ್ಕು ಅಡ್ಡಡ್ಡ ತಿರುಗಿತು. ಹುಟ್ಟು ತಂದಿರಲಿಲ್ಲ. ಎಂಜಿನ್ ಪಕ್ಕಾ ಇರುವಾಗ ಹುಟ್ಟು ಯಾಕೆ ಎಂದು ದಡದಲ್ಲೇ ಬಿಟ್ಟಿದ್ದ. ಅಜ್ಜಾರ ಕಡೆ ನೋಡಲು ಧೈರ್ಯ ಬರಲಿಲ್ಲ.

ಪುಣ್ಯಕ್ಕೆ ಹೊಳೆ ಇನ್ನೂ ಏರಿರಲಿಲ್ಲ. ಒಂದು ಫರ್ಲಾಂಗು ಕೊಚ್ಚಿಕೊಂಡು ಹೋಗಿ, ದೋಣಿ ಮರಳದಿಬ್ಬದ ಜಾಲಿ ಪೊದೆಗೆ ಸಿಕ್ಕಿಕೊಂಡಿತು. ದ್ಯಾಮಣ್ಣ ಮುಳ್ಳನ್ನೂ ಲೆಕ್ಕಿಸದೆ ಕೊಂಬೆ ತಬ್ಬಿಹಿಡಿದ.

ಅಜ್ಜಾರು ಎಂಜಿನ್ನಿನ ಮುಚ್ಚಳ ತೆಗೆಸಿದರು. ಬೆರಳು ಹೊಳೆಯಲ್ಲಿ ಅದ್ದಿ ಎರಡು ಹನಿ ಚಿಮುಕಿಸಿದರು. ಚುಂಯ್ ಎಂದಿತು.

"ಆ ಗುತ್ತಿಗೆದಾರನ ಕಾಲದಾಗ ಇದರ ಬೆನ್ನಾಗಿಂದ ಒಂದು ಎಳಿ ನೀರು ಬರ್ತಿತ್ತಲ್ಲ. ಎಲ್ಲಿ ಅದು?"

ದ್ಯಾಮಣ್ಣ ಅಂಟು ಮೆತ್ತಿದ ಜಾಗಕ್ಕೆ ಬೆರಳು ತೋರಿಸಿದ. "ಸೋರಾಕತ್ತಿತ್ತು ಅಂತ... ನಾನ ಮುಚ್ಚೇನ್ರಿ."

"ಸೋರತಿರಲಿಲ್ಲೋ ತಮ್ಮಾ. ಹೇಳತಿತ್ತು."

ದ್ಯಾಮಣ್ಣ ಎಂಜಿನ್ನಿನ ಕಾಲನ್ನು ಮೇಲೆತ್ತಿದ. ನೀರು ಹೀರುವ ಜಾಲರಿಗೆ ಪ್ಲಾಸ್ಟಿಕ್ ಚೀಲವೊಂದು ಬಿಗಿಯಾಗಿ ಸುತ್ತಿಕೊಂಡಿತ್ತು. ಎಂಜಿನ್ನನ್ನು ತಂಪಾಗಿಡುವ ನೀರು ಒಳಗೆ ಹೋಗುವುದು ಅಲ್ಲಿಂದಲೇ. ಅದು ಯಾವಾಗ ನಿಂತಿತೋ ದೇವರೇ ಬಲ್ಲ. ತೂತು ತೆರೆದಿದ್ದರೆ ನೀರಿನ ಎಳೆ ನಿಂತದ್ದು ಕಣ್ಣಿಗೆ ಬೀಳುತ್ತಿತ್ತು.

ಚೀಲ ಕಿತ್ತ. ಮೊಳೆಯಿಂದ ತೂತಿನ ಅಂಟು ಕೆರೆದ. ಒಂದು ತಾಸು ಆರಲು ಬಿಟ್ಟು ಹಗ್ಗ ಎಳೆದಾಗ ಎಂಜಿನ್ನು ಹತ್ತಿತು, ನೀರಿನ ಎಳೆಯೂ ಚಿಮ್ಮಿತು. ವಾಪಸ್ಸು ಬರುವಾಗ ದ್ಯಾಮಣ್ಣನ ಕಾಲು ಎರಡೂ ದೋಣಿಯ ತಳದ ಮೇಲಿದ್ದವು.

ಬುಧವಾರ ಡ್ಯಾಮಿನ ಗೇಟು ತೆಗೆದರು. ಗುರುವಾರ ಹೊಳೆ ಕೆಂಪಾಗಿ ದಡ ಮುಟ್ಟಿತು. ಮಂಗಳವಾರ ಹರಿಗೋಲಿನಲ್ಲಿ ಹೋಗಿಬಂದಿದ್ದ ನೀಲವ್ವನಿಗೆ ಶುಕ್ರವಾರದ ಸರದಿ ತಪ್ಪುವಂತಿರಲಿಲ್ಲ. ಹರಿಗೋಲು ಆಗಲೇ ಗೋಡೆಗೆ ಒರಗಿತ್ತು.

ಗುರುವಾರ ಸಂಜೆ ದ್ಯಾಮಣ್ಣ ಅಜ್ಜಾರ ಮುಂದೆ ನಿಂತ. "ನನ್ನ ಕೈಲೆ ಆಗೂದಿಲ್ರಿ. ನಡು ಹೊಳಿಯಾಗ ನಿಂತ್ರ ಏನ್ ಮಾಡ್ಲಿ? ಯಕ್ಕನ ಜೀವ ನನ್ನ ಕೈಯಾಗ ಬ್ಯಾಡ್ರಿ."

"ನನಗ್ಯಾಕ ಹೇಳ್ತಿ? ದಾಟಾಕಿ ಅಕಿ."

ಶುಕ್ರವಾರ ಬೆಳಿಗ್ಗೆ ನೀಲವ್ವ ಆಸ್ಪತ್ರೆಯ ಚೀಲ ಹಿಡಿದು ದಡಕ್ಕೆ ಬಂದಳು. ಮುಖ ಆಗಲೇ ಸ್ವಲ್ಪ ಉಬ್ಬಿತ್ತು. ದ್ಯಾಮಣ್ಣ ಅವಳ ಕಣ್ಣು ತಪ್ಪಿಸಲಿಲ್ಲ.

"ಯಕ್ಕಾ, ಕೇಳು. ಪಕ್ಕಾ ಐತಿ ಅಂತ ನಾ ಹೇಳಿದ್ದು ಸುಳ್ಳು. ಬಾಗಲದ ಕಟಗಿ, ಔಷಧದ ಪಂಪಿನ ಪೈಪು, ಹಾಸಿಗಿ ಹತ್ತಿ, ಇಷ್ಟ ಇದು. ಒಳಗ ನೀರು ಎತ್ತೂ ರಬ್ಬರ್ ಚಕ್ರ ಹಳೇದು, ಹೊಸಾದಕ್ಕ ರೊಕ್ಕ ಸಾಲಲಿಲ್ಲ. ಮೊನ್ನಿ ಅಜ್ಜಾರ ಜೀವ ತಗೀತಿದ್ದೆ. ಇವತ್ತೂ ಇದು ನಿಲ್ಲಬಹುದು. ನನಗ ಅಂಜಿಕಿ ಆಗಾಕತ್ತೈತಿ."

ನೀಲವ್ವ ಹೊಳೆ ನೋಡಿದಳು, ದೋಣಿ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿದಳು.

"ಹಂಗಾದ್ರ ಹುಟ್ಟು ಎರಡು ತಗೋ. ಒಂದು ನನ್ನ ಕೈಯಾಗ ಕೊಡು."

"ನಿನಗ ಶಕ್ತಿ ಎಲ್ಲೈತಿ ಯಕ್ಕಾ?"

"ಜ್ವಾಳದ ಹಿಟ್ಟು ನಾದಿದ ಕೈ ಐತಿ. ನಡಿ, ಬಸ್ ತಪ್ಪತೈತಿ."

ದೋಣಿ ಹೊರಟಿತು. ಸೆಳವಿಗೆ ಎದೆ ಕೊಡದೆ, ದ್ಯಾಮಣ್ಣ ಮೊದಲು ದಡದ ಗುಂಟ ಮೇಲಕ್ಕೆ ಹೋಗಿ, ಅಲ್ಲಿಂದ ಓರೆಯಾಗಿ ಹೊಳೆಗೆ ಬಿಟ್ಟ. ಅವನ ಕಣ್ಣು ಎದುರು ದಡದ ಮೇಲೆ, ತೇಲಿ ಬರುವ ಕೊಂಬೆಗಳ ಮೇಲೆ. ನೀಲವ್ವ ಅವನ ಕಡೆ ಮುಖ ಮಾಡಿ, ತೊಡೆಯ ಮೇಲೆ ಹುಟ್ಟು ಇಟ್ಟುಕೊಂಡು, ಎಂಜಿನ್ನಿನ ಬೆನ್ನನ್ನೇ ನೋಡುತ್ತಾ ಕೂತಳು. ಗಳಿಗೆಗೊಮ್ಮೆ ಹೇಳುತ್ತಿದ್ದಳು: "ಬರಾಕತ್ತೈತಿ."

ನಡು ಹೊಳೆಯಲ್ಲಿ ಅವಳ ದನಿ ಬದಲಾಯಿತು. "ದ್ಯಾಮಣ್ಣ, ಎಳಿ ಸಣ್ಣ ಆತು."

ಅವನು ಕೂಡಲೇ ಎಂಜಿನ್ ನಿಲ್ಲಿಸಿದ. ನೀಲವ್ವ ಹುಟ್ಟು ನೀರಿಗಿಳಿಸಿ, ಹಲ್ಲು ಕಚ್ಚಿ, ದೋಣಿಯ ಮೂತಿ ಅಡ್ಡ ತಿರುಗದಂತೆ ಹಿಡಿದಳು. ಅವಳ ಕುತ್ತಿಗೆಯ ನರ ಉಬ್ಬಿದವು. ದ್ಯಾಮಣ್ಣ ಎಂಜಿನ್ನಿನ ಕಾಲೆತ್ತಿ, ಜಾಲರಿಗೆ ಸುತ್ತಿದ ಜೊಂಡು ಕಿತ್ತು ಬಿಸಾಕಿ, ಮತ್ತೆ ಇಳಿಸಿ ಹಗ್ಗ ಎಳೆದ. ಎರಡನೇ ಎಳೆತಕ್ಕೆ ಹತ್ತಿತು.

"ಬಂತೇನು?"

"ಬಂತು ಬಂತು. ದಪ್ಪ ಬಂತು."

ಎಂಟೂವರೆಯ ಬಸ್ಸು ಸಿಕ್ಕಿತು. ಸಂಜೆ ನಾಲ್ಕಕ್ಕೆ ಇಬ್ಬರೂ ವಾಪಸ್ಸು ಬಂದರು. ನೀಲವ್ವ ನೆಟ್ಟಗೆ ಒಲೆ ಹಚ್ಚಲು ಹೋದಳು. ಮುಖದ ಬಾವು ಇಳಿದಿತ್ತು.

ದ್ಯಾಮಣ್ಣ ಅಜ್ಜಾರ ಕಾಲಿಗೆ ಬಿದ್ದ. ಎದ್ದವನು ಅಲ್ಲೇ ಕೂತ.

"ಒಂದು ಮಾತು ಕೇಳ್ಲೇನ್ರಿ ಅಜ್ಜಾರ? ಈಜು ಬರದವರು ಅವತ್ತ ಯಾಕ ಕುಂತ್ರಿ ಅದರಾಗ? ದೋಣಿ ಸರಿ ಇಲ್ಲ ಅಂತ ನಿಮಗ ಗೊತ್ತಿತ್ತೇನು?"

"ದೋಣಿ ಸರಿ ಇತ್ತೋ ಇಲ್ಲೋ ನನಗೇನ್ ಗೊತ್ತು."

"ಮತ್ಯಾಕ್ರಿ?"

ಅಜ್ಜಾರು ಚಾಪೆ ಕೊಡವಿ ನೆಲಕ್ಕೆ ಹಾಸಿದರು.

"ಅವತ್ತ ನಿನಗ ಅಂಜಿಕಿ ಇರಲಿಲ್ಲ. ಅಂಜಿಕಿ ಇಲ್ಲದವನ ಕೈಯಾಗ ನೀಲವ್ವನ್ನ ಹೆಂಗ ಕೊಡ್ಲಿ?"