ಕೈತೊಳೆಯದ ದೊಣೆ

ಮಟ್ಟಿಕಲ್ಲು ಎಂಬ ಊರಿನಿಂದ ಮೂಡಲಿಗೆ ಹೊರಟ ಬಂಡಿದಾರಿ ನಾಲ್ಕು ಜೋಳದ ಹೊಲ ದಾಟಿ, ಒಂದು ಕಲ್ಲುಗುಡ್ಡದ ಬುಡಕ್ಕೆ ಬಂದು ಮುಗಿದುಹೋಗುತ್ತದೆ. ಗುಂಡಿನ ಮೇಲೆ ಗುಂಡು ಕೂತ ಗುಡ್ಡ ಅದು. ಈಗ ಬಿದ್ದೀತು, ಆಗ ಬಿದ್ದೀತು ಎನ್ನಿಸಿದರೂ ಅಜ್ಜಂದಿರ ಕಾಲದಿಂದ ಒಂದೂ ಬಿದ್ದಿಲ್ಲ. ಅರ್ಧ ಹತ್ತಿದರೆ ಬಂಡೆಯ ಮಡಿಲಲ್ಲಿ ತಾನಾಗಿಯೇ ಆದ ಒಂದು ಕುಳಿ ಸಿಗುತ್ತದೆ. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಯ ಕೊನೆಯವರೆಗೂ ಅಲ್ಲಿ ನಿಲ್ಲುತ್ತದೆ. ಅಂಥದ್ದನ್ನು ಈ ಸೀಮೆಯವರು ದೊಣೆ ಎನ್ನುತ್ತಾರೆ. ದೊಣೆಯಿಂದ ಇಪ್ಪತ್ತು ಹೆಜ್ಜೆ ಕೆಳಗೆ ಒಂದು ಕಲ್ಲುಬಾನಿ ಇದೆ. ದೊಣೆಯ ಪಕ್ಕದ ಕಾರೆಗಿಡಕ್ಕೆ ಉದ್ದ ಹಿಡಿಯ ಸೋರೆಬುರುಡೆಯೊಂದು ಸದಾ ತೂಗುತ್ತಿರುತ್ತದೆ. ಅಲ್ಲಿಗೆ ಹೋದವರು, ಅವರು ಕುರಿ ಕಾಯುವವರಿರಲಿ, ಕರಡಿ ನೋಡಲೆಂದು ದೂರದಿಂದ ಬಂದವರಿರಲಿ, ನೀರಿಗೆ ಇಳಿಯುವ ಮುಂಚೆ ಎರಡೂ ಅಂಗೈಗಳನ್ನು ಮೂಗಿನ ಹತ್ತಿರ ಒಯ್ದು ಮೂಸಿಕೊಳ್ಳಬೇಕು. ಹೊಸಬರು ನಗುತ್ತಾರೆ. ಊರಿನವರು ನಗುವುದಿಲ್ಲ. ಸರ್ಕಾರಿ ನಕ್ಷೆಯಲ್ಲಿ ಈ ಜಾಗಕ್ಕೆ ಒಂದು ಚುಕ್ಕೆಯಷ್ಟೇ ಇದೆ. ಜನರ ಬಾಯಲ್ಲಿ ಮಾತ್ರ ಇದು ಕೈತೊಳೆಯದ ದೊಣೆ.

ಹಿಂದೆ ಒಮ್ಮೆ, ಊರಿಗೆ ಇನ್ನೂ ಬಾವಿ ತೋಡಿರದ ಕಾಲದಲ್ಲಿ, ಗಾದಿಲಿಂಗ ಎಂಬ ಕುರಿವೈದ್ಯನಿದ್ದನಂತೆ. ಮನೆಯಿಲ್ಲ, ಹೊಲವಿಲ್ಲ, ಹೆಂಡತಿಯಿಲ್ಲ. ಹೆಗಲಿಗೆ ಒಂದು ಚೀಲ, ಕಾಲಿಗೆ ಒಂದು ಜೊತೆ ಮೆಟ್ಟು. ಕುರಿಗೆ ಹೇನು, ಉಣ್ಣಿ ಹತ್ತಿದರೆ ಅವನನ್ನೇ ಕರೆಯಬೇಕು. ಸೀತಾಫಲದ ಬೀಜ ಮತ್ತು ಹೊಗೆಸೊಪ್ಪಿನ ಕಡ್ಡಿಯನ್ನು ನುಣ್ಣಗೆ ಅರೆದು, ಬೇವಿನೆಣ್ಣೆಯಲ್ಲಿ ಕಲಸಿ ತಿಕ್ಕಿದನೆಂದರೆ ಮಾರನೆಯ ದಿನ ಕುರಿಯ ಮೈಮೇಲೆ ಒಂದು ಹುಳವೂ ಉಳಿಯುತ್ತಿರಲಿಲ್ಲ. ಆದರೆ ಆ ಮಾರನೆಯ ದಿನವನ್ನು ಗಾದಿಲಿಂಗ ಎಂದೂ ಕಂಡವನಲ್ಲ. ಕೆಲಸ ಮುಗಿದ ಕೂಡಲೇ ಹತ್ತಿರದ ನೀರಿನಲ್ಲಿ ಕೈ ತೊಳೆದು, ಅರೆದ ಕಲ್ಲು ತೊಳೆದು, ತಿಕ್ಕಿದ ಬಟ್ಟೆ ಜಾಲಿಸಿ ಮುಂದಿನ ಊರಿಗೆ ಹೊರಟುಬಿಡುವುದು ಅವನ ಪದ್ಧತಿ. ಹಳ್ಳವೋ, ಕುಂಟೆಯೋ, ಕೆರೆಯೋ, ಕಣ್ಣಿಗೆ ಬಿದ್ದ ನೀರು ಅವನದೇ. ಒಬ್ಬನ ಎರಡು ಕೈ ತೊಳೆದರೆ ನೀರಿಗೇನು ಕಡಿಮೆಯಾಗುತ್ತದೆ ಎಂದು ಅವನು ಯೋಚಿಸಿದ್ದನೆಂದಲ್ಲ. ಯೋಚಿಸಬೇಕಾದ ಮಾತು ಅದೆಂದು ಅವನಿಗೆ ಹೊಳೆದೇ ಇರಲಿಲ್ಲ.

ತಿರುಗುವ ಊರುಗಳಲ್ಲೆಲ್ಲ ಅವನನ್ನು 'ಏ ಕುರಿವೈದ್ಯ' ಎಂದು ಕರೆಯುತ್ತಿದ್ದರೆ, ಮಟ್ಟಿಕಲ್ಲಿನಲ್ಲಿ ಒಬ್ಬಳು ಮಾತ್ರ 'ತಮ್ಮಾ' ಎನ್ನುತ್ತಿದ್ದಳು. ಅವಳು ಹುಲಿಗೆವ್ವ. ಗಂಡ ಸತ್ತ ಮೇಲೆ ಈಚಲಗರಿಯ ಚಾಪೆ ಹೆಣೆದು ಬದುಕುತ್ತಿದ್ದ ಹೆಂಗಸು. ಗರಿ ಮೆತ್ತಗಾಗಲೆಂದು ದೊಣೆಯ ಅಂಚಿನಲ್ಲಿ ನೆನೆಹಾಕುತ್ತಿದ್ದಳು. ಅದಕ್ಕೆ ಪ್ರತಿಯಾಗಿ ದಿನವೂ ದೊಣೆಗೆ ಇಳಿಯುವ ಮೆಟ್ಟಿಲು ಗುಡಿಸಿ, ಬಿದ್ದ ಎಲೆ ತೆಗೆದು, ಕೌಜುಗದ ಹಕ್ಕಿಗಳಿಗೆಂದು ಬಂಡೆಯ ಗುಳಿಯಲ್ಲಿ ಎರಡು ಬೊಗಸೆ ನೀರು ಹೊಯ್ದು ಬರುತ್ತಿದ್ದಳು. ಗಾದಿಲಿಂಗ ಬಂದನೆಂದರೆ ಅವಳ ಮನೆಯಲ್ಲೇ ರೊಟ್ಟಿ. "ತಿಂದು ಓಡಬ್ಯಾಡ ತಮ್ಮಾ, ರೊಟ್ಟಿ ಹೊಟ್ಟ್ಯಾಗ ಇಳೀಲಿ. ನಿನ್ನ ಕಾಲಿಗೆ ಯಾವ ದೆವ್ವ ಬಡದೈತೋ!" ಎಂದು ಬೈಯುತ್ತಿದ್ದಳು. ಆ ಬೈಗುಳಕ್ಕಾಗಿಯೇ ಅವನು ಎರಡು ಹರದಾರಿ ಸುತ್ತುಹಾಕಿಯಾದರೂ ಆ ಊರಿಗೆ ಬರುತ್ತಿದ್ದ ಎನ್ನುತ್ತಾರೆ.

ದೊಣೆಯಲ್ಲಿ ಕಪ್ಪೆಗಳಿದ್ದವು, ಬೆರಳುದ್ದದ ಮೀನುಗಳಿದ್ದವು. ಕಪ್ಪೆಯೆಂದರೆ ಮಟ್ಟಿಕಲ್ಲಿನವರಿಗೆ ಪಂಚಾಂಗವಿದ್ದ ಹಾಗೆ. ಮುಂಗಾರಿನ ಮಳೆ ಎಷ್ಟೇ ಸುರಿಯಲಿ, ಗುಡ್ಡದ ಮೇಲಿಂದ ಕಪ್ಪೆಗಳ ವಟಗುಟ್ಟುವಿಕೆ ಕೇಳಿದ ಮೂರನೆಯ ದಿನಕ್ಕೇ ಬಿತ್ತನೆಯ ಕೂರಿಗೆ ಹೂಡುವುದು. ಅದಕ್ಕೆ ಮುಂಚೆ ಯಾರೂ ಕಾಳು ಮುಟ್ಟುತ್ತಿರಲಿಲ್ಲ.

ಒಂದು ವರ್ಷ ಬೇಸಿಗೆಯ ಕೊನೆ. ದೊಣೆಯ ನೀರು ಇಳಿದು ಇಳಿದು ಒಂದು ದೊಡ್ಡ ಕೊಪ್ಪರಿಗೆಯಷ್ಟಾಗಿತ್ತು. ಗಾದಿಲಿಂಗ ಊರ ಗೌಡ ಯಂಕನಗೌಡನ ನೂರಿಪ್ಪತ್ತು ಕುರಿಗಳಿಗೆ ಗುಡ್ಡದ ಮೇಲೆಯೇ ಮದ್ದು ತಿಕ್ಕಿದ. ಸಂಜೆಗೆ ಮೊಳಕೈವರೆಗೂ ಅಂಟಿದ್ದ ಮದ್ದನ್ನು ದೊಣೆಗೆ ಇಳಿದು ತೊಳೆದ. ಕಲ್ಲು, ಬಟ್ಟೆ, ಮದ್ದಿನ ಮಡಕೆ ಎಲ್ಲವನ್ನೂ ಅದ್ದಿ ತೆಗೆದ. ನೀರಿನ ಮೇಲೆ ಎಣ್ಣೆಯ ಬಣ್ಣ ನವಿಲುಗರಿಯಂತೆ ಬಿಚ್ಚಿಕೊಂಡಿತಂತೆ. ಚೆಂದವಿದೆ ಎಂದು ಒಂದು ಗಳಿಗೆ ನೋಡುತ್ತಲೂ ನಿಂತಿದ್ದ. ಅಂದೇ ಹೊರಡಬೇಕಾದವನಿಗೆ ಗುಡ್ಡ ಇಳಿಯುವಾಗ ಅಂಗಾಲಲ್ಲಿ ಕಾರೆಮುಳ್ಳು ಮುರಿಯಿತು. ಕುಂಟುತ್ತ ಹುಲಿಗೆವ್ವನ ಮನೆಗೆ ಹೋದ. ಅವಳು ರೊಟ್ಟಿ ಕೊಡುವಾಗ ಅವನ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು.

ಹೀಗಾಗಿ, ಹುಟ್ಟಿದ ಮೇಲೆ ಮೊದಲ ಸಲ, ಗಾದಿಲಿಂಗ ತಾನು ಕೈ ತೊಳೆದ ನೀರಿನ ಮಾರನೆಯ ದಿನವನ್ನು ಕಂಡ. ಬೆಳಗಿನ ಹೊತ್ತು ನೀರಿಗೆ ಹೋದವರು ಕೂಗಿಕೊಂಡರು. ಊರೆಲ್ಲ ಗುಡ್ಡ ಹತ್ತಿತು. ಅವನೂ ಕೋಲೂರಿಕೊಂಡು ಹತ್ತಿದ. ದೊಣೆಯ ತುಂಬ ಕಪ್ಪೆಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮೀನುಗಳು ಅಂಚಿಗೆ ಒತ್ತಿಕೊಂಡು ಸತ್ತಿದ್ದವು. ಆ ನೀರು ಕುಡಿದ ಎರಡು ಕೌಜುಗಗಳು ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಬಿದ್ದಿದ್ದವು. ದೊಣೆಯಲ್ಲಿ ಹುಲಿಗೆವ್ವನ ಈಚಲಗರಿಯ ಕಟ್ಟೊಂದು ನೆನೆಯುತ್ತಿತ್ತು. ಯಾರೋ ಅದನ್ನು ಎತ್ತಿ ಹಿಡಿದರು. ಅಷ್ಟು ಸಾಕಾಯಿತು. "ನಿನ್ನ ಗರಿ ಕೊಳತು ನೀರು ವಿಷ ಆಗೇತಿ, ಹುಲಿಗೆವ್ವ" ಎಂದ ಯಂಕನಗೌಡ. "ಮೂವತ್ತು ವರ್ಷದಿಂದ ನೆನಸಾಕತ್ತೀನ್ರಿ ಗೌಡ್ರ, ಒಂದು ಕಪ್ಪಿ ಸತ್ತಿಲ್ಲ" ಎಂದಳು ಅವಳು. ಗೌಡ ಗಾದಿಲಿಂಗನ ಕಡೆ ತಿರುಗಿದ. "ನೀ ಮದ್ದು ಬಲ್ಲಾಂವ. ನೀನ ಹೇಳಪಾ, ಹಿಂಗ ಆಗಬಹುದೋ ಇಲ್ಲೋ?"

ಗಾದಿಲಿಂಗನ ಉಗುರಿನ ಸಂದಿಯಲ್ಲಿ ಮದ್ದು ಇನ್ನೂ ಹಸಿರಾಗಿತ್ತು. ಕೈಗಳನ್ನು ಕಂಬಳಿಯ ಒಳಗೆ ಎಳೆದುಕೊಂಡ. ನಿಜ ಹೇಳಿದರೆ ಈ ಊರೂ ಇಲ್ಲ, ರೊಟ್ಟಿಯೂ ಇಲ್ಲ, ಮುಂದೆ ಯಾವ ಗೌಡನೂ ತನ್ನನ್ನು ಹಟ್ಟಿಯೊಳಗೆ ಬಿಟ್ಟುಕೊಳ್ಳುವುದಿಲ್ಲ ಎನ್ನಿಸಿತು. "ಆಗಬಹುದು" ಎಂದ. ಒಂದೇ ಮಾತು. ಹುಲಿಗೆವ್ವ ಅವನನ್ನು ನೋಡಿದಳು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಗುಡ್ಡ ಇಳಿದಳು. ಅವಳು ಇನ್ನು ಮೇಲೆ ಗುಡ್ಡಕ್ಕೆ ಕಾಲಿಡಕೂಡದೆಂದು ಕಟ್ಟು ಮಾಡಿದರು. ಅಂದು ಅವನು ಮುಳ್ಳಿನ ಕಾಲಲ್ಲೇ ಊರು ಬಿಟ್ಟ.

ಆದರೆ ಕಾಲು ಬಿಟ್ಟ ಊರನ್ನು ಮನಸ್ಸು ಬಿಡಬೇಕಲ್ಲ. ತಾನು ಹಿಂದೆ ಕೈ ತೊಳೆದಿದ್ದ ಕುಂಟೆಗಳ ಹತ್ತಿರ ಹೋಗಿ ಕೂತು ಕಪ್ಪೆಯ ಕೂಗಿಗೆ ಕಿವಿಗೊಡುತ್ತಿದ್ದ. ಕೆಲವು ಕೂಗುತ್ತಿದ್ದವು, ಕೆಲವು ಕೂಗುತ್ತಿರಲಿಲ್ಲ. ಕೂಗದಿದ್ದವು ಯಾರಿಂದ ಸುಮ್ಮನಾದವೆಂದು ಕೇಳಲು ಯಾರೂ ಇರಲಿಲ್ಲ. ಅವನಿಗೆ ಮಾತ್ರ ಪ್ರತಿಯೊಂದೂ ತನ್ನ ಹೆಸರು ಹೇಳಿದಂತಾಗುತ್ತಿತ್ತು. ಕೈಯನ್ನು ಸೀಗೆಯಲ್ಲಿ ತಿಕ್ಕಿದ, ಬೂದಿಯಲ್ಲಿ ತಿಕ್ಕಿದ. ವಾಸನೆ ಹೋಗಲಿಲ್ಲ, ಅಥವಾ ಹೋಗಿದ್ದು ಅವನಿಗೆ ತಿಳಿಯಲಿಲ್ಲ.

ಮರುವರ್ಷ ಮುಂಗಾರಿನ ಹೊತ್ತಿಗೆ ಮಟ್ಟಿಕಲ್ಲಿಗೆ ಬಂದ. ಊರ ಹೊರಗೇ ಹುಲಿಗೆವ್ವ ಎದುರಾದಳು. ದೊಣೆ ಕಣ್ಣೆದುರಿಗೇ ಇದ್ದರೂ ಅರ್ಧ ಹರದಾರಿ ದೂರದ ಹಳ್ಳದಲ್ಲಿ ವರತೆ ತೋಡಿ, ಕೊಡ ಹೊತ್ತು ಬರುತ್ತಿದ್ದಳು. ಸೊಂಟ ಬಾಗಿತ್ತು. "ಬಂದೇನು ತಮ್ಮಾ? ರೊಟ್ಟಿ ಆಗಿಲ್ಲ, ಹೊತ್ತಾಗತೈತಿ" ಎಂದಳು. ಆ 'ತಮ್ಮಾ' ಅವನ ಎದೆಗೆ ಮುಳ್ಳಿಗಿಂತ ಆಳಕ್ಕೆ ಇಳಿಯಿತು. ಊರ ಕಟ್ಟೆಯಲ್ಲಿ ಜನ ಕೂತಿದ್ದರು. ಮಳೆ ಬಂದು ಆರು ದಿನವಾಗಿತ್ತು, ಕಪ್ಪೆ ಕೂಗಿರಲಿಲ್ಲ. ಬಿತ್ತಬೇಕೋ ಬೇಡವೋ ಎಂದು ಜಗಳ ನಡೆದಿತ್ತು. ಗಾದಿಲಿಂಗ ಕಟ್ಟೆಯ ಕೆಳಗೆ, ಮೆಟ್ಟು ಬಿಡುವ ಜಾಗದಲ್ಲಿ ಕೂತು ಎಲ್ಲ ಹೇಳಿದ.

ಯಂಕನಗೌಡ ನಕ್ಕ. "ಬಿಸಲು ನೆತ್ತೀಗೇರೇತೇನಲೇ? ಒಬ್ಬನ ಅಂಗೈ ತೊಳದ್ರ ದೊಣಿ ಸಾಯೋದಾದ್ರ, ಈ ಸೀಮ್ಯಾಗ ಒಂದ ಹಳ್ಳಾನೂ ಉಳೀತಿರಲಿಲ್ಲ." ಕಟ್ಟೆಯ ಮೂಲೆಯಿಂದ ಯಾರೋ, "ಎಲ್ಲಿ ಉಳದಾವ್ರಿ ಗೌಡ್ರ?" ಎಂದರು. ನಗು ಅಲ್ಲಿಗೇ ನಿಂತಿತು.

ಕೊಡ ಇಳಿಸಿ ನಿಂತಿದ್ದ ಹುಲಿಗೆವ್ವ ಆಗ ಬಾಯಿ ಬಿಟ್ಟಳು. "ನನಗ ಅವತ್ತ ಗೊತ್ತಿತ್ತು. ರೊಟ್ಟಿ ಇಸಕೊಳ್ಳೋವಾಗ ಅವನ ಕೈ ಮದ್ದಿನ ನಾತ ಹೊಡೀತಿತ್ತು." "ಮತ್ತ ಯಾಕ ಹೇಳಲಿಲ್ಲ?" ಎಂದ ಗೌಡ. "ನನ್ನ ರೊಟ್ಟಿ ತಿಂದಾಂವನ ಹೆಸರು ನಾ ಹೆಂಗ ಹೇಳ್ಲಿ? ಅವನ ಹೇಳ್ತಾನ ಅಂತ ಕಾದೆ. ಒಂದು ವರ್ಷ ತಗೊಂಡ." ಮತ್ತೆ ಕೊಡ ಎತ್ತಿಕೊಳ್ಳುತ್ತ, "ಅವನೊಬ್ಬನ್ನ ಯಾಕ ನೋಡ್ತೀರಿ? ನೀವೂ ಒಂದ್ಸಲ ನಿಮ್ಮ ನಿಮ್ಮ ಅಂಗೈ ಮೂಸಿ ನೋಡ್ಕೋರಿ" ಎಂದಳು.

ಮೊದಲು ಗೌಡನ ಕೈ ತಾನಾಗಿಯೇ ಮೂಗಿಗೆ ಹೋಯಿತು. ಹೊಗೆಸೊಪ್ಪು, ಸುಣ್ಣದ ನಾತ. ನಿತ್ಯ ದೊಣೆಯಲ್ಲೇ ಉಗುಳಿ, ದೊಣೆಯಲ್ಲೇ ತೊಳೆಯುತ್ತಿದ್ದ ಕೈ. ಬಂಡಿಯವನ ಅಂಗೈಯಲ್ಲಿ ಕೀಲೆಣ್ಣೆ. ಇನ್ನೊಬ್ಬನದರಲ್ಲಿ ಚರ್ಮ ಹದಮಾಡುವ ತಂಗಡಿ ಚಕ್ಕೆ. ಒಬ್ಬೊಬ್ಬರಾಗಿ ಮೂಸಿದರು, ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಆ ವರ್ಷ ಬಿತ್ತನೆಯ ಹದ ತಪ್ಪಿತು. ಆದರೆ ಯಾರೂ ಯಾರನ್ನೂ ಬೈಯಲಿಲ್ಲವಂತೆ.

ಹುಲಿಗೆವ್ವನ ಮೇಲಿನ ಕಟ್ಟು ಅಂದೇ ತೆಗೆದರು. ಅವಳು ಮಾತ್ರ ಗುಡ್ಡ ಹತ್ತಲಿಲ್ಲ. "ಕಪ್ಪಿ ಕೂಗಲಿ, ಬರ್ತೀನಿ" ಎಂದುಬಿಟ್ಟಳು. ತಿರುಗುವ ಕಾಲಿನ ಗಾದಿಲಿಂಗ ಆ ಗುಡ್ಡದಲ್ಲಿ ನಿಂತ. ಹಳೆಯ ನೀರನ್ನೆಲ್ಲ ಮೊಗೆದು, ಕೆಸರು ಬಳಿದು ಹಾಕಿದ. ಚಾಣ ಹಿಡಿದು ಗೊತ್ತಿಲ್ಲದ ಕೈಯಲ್ಲಿ ಬಂಡೆಯೊಂದನ್ನು ಕಡಿದು ಕಡಿದು ಬಾನಿ ಮಾಡಿದ. ಮೂರು ಹರದಾರಿ ದೂರದ ಕೆರೆಯಿಂದ ಮಡಕೆಯಲ್ಲಿ ಗೊದಮೊಟ್ಟೆಗಳನ್ನು ಹೊತ್ತು ತಂದು ಬಿಟ್ಟ. ಮೊದಲ ವರ್ಷದವು ಸತ್ತವು. ಎರಡನೆಯ ವರ್ಷದವೂ ನಿಲ್ಲಲಿಲ್ಲ. ಹೆಂಗಸರು ನೀರಿಗೆ ಬಂದರೆ ಬುರುಡೆಯಿಂದ ಮೊಗೆದು, ಬಾನಿಗೆ ಹೊಯ್ದು, "ಇಲ್ಲಿ ತೊಳೀರವ್ವಾ" ಎನ್ನುತ್ತಿದ್ದ. "ಏನಪಾ ವೈದ್ಯ, ಕಪ್ಪಿಗೂ ನಾಡಿ ಹಿಡೀತೀಯೇನು?" ಎಂದು ಕೆಲವರು ಕೆಣಕುತ್ತಿದ್ದರು. ಅವನು ಹೂಂ ಎನ್ನುತ್ತಿದ್ದ.

ನಾಲ್ಕನೆಯ ಮುಂಗಾರಿನಲ್ಲಿ ಒಂದು ಕಪ್ಪೆ ಕೂಗಿತು. ಒಂದೇ ಒಂದು. ಬೆಳಗ್ಗೆ ಹುಲಿಗೆವ್ವ ಕೋಲೂರಿಕೊಂಡು ಗುಡ್ಡ ಹತ್ತಿದಳು. ಗಾದಿಲಿಂಗ ಬಾನಿಯಲ್ಲಿ ಕೈ ತೊಳೆದು, ಬುರುಡೆಯಿಂದ ಬೊಗಸೆಗೆ ನೀರು ಸುರಿದುಕೊಂಡು ಅವಳ ಮುಂದೆ ಹಿಡಿದ. ಅವಳು ಕುಡಿಯಲಿಲ್ಲ. ಮೊದಲು ಅವನ ಮಣಿಕಟ್ಟು ಹಿಡಿದು, ಬೊಗಸೆಯ ಹತ್ತಿರ ಬಾಗಿ ಮೂಸಿದಳು. ಆ ಗಳಿಗೆಯ ನಾಚಿಕೆಯನ್ನು ಅವನು ಸಾಯುವವರೆಗೂ ಮರೆಯಲಿಲ್ಲ ಎನ್ನುತ್ತಾರೆ. ಮೂಸಿ, ಆಮೇಲೆ ಕುಡಿದಳು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಬಂಡೆಯ ಗುಳಿಗೆ ಎರಡು ಬೊಗಸೆ ಹೊಯ್ದು ಇಳಿದು ಹೋದಳು.

ಬಾನಿ ಈಗಲೂ ಇದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕಲ್ಲುಕುಟಿಗನ ಕೈಯಲ್ಲವೆಂದು ನೋಡಿದ ಕೂಡಲೇ ತಿಳಿಯುತ್ತದೆ. ಗುಳಿಯಲ್ಲಿ ಯಾರೋ ಹೊಯ್ದ ನೀರಿರುತ್ತದೆ, ಕೌಜುಗದ ಹೆಜ್ಜೆಗಳಿರುತ್ತವೆ, ಸಂಜೆಯಾದರೆ ಕರಡಿಯ ಹೆಜ್ಜೆಯೂ ಕಾಣುತ್ತದೆ. ಬಂದವರ ಅಂಗೈಯಲ್ಲಿ ಈಗ ಬೇರೆ ಬೇರೆ ವಾಸನೆಗಳು. ಗುಟ್ಕಾ, ಸೋಪು, ಪೆಟ್ರೋಲು, ಹೊಲದ ಹುಳಕ್ಕೆ ಹೊಡೆದ ಎಣ್ಣೆ. ನಗುತ್ತಲೇ ಕೈಯನ್ನು ಮೂಗಿಗೆ ಒಯ್ದವರು ನೇರ ದೊಣೆಗೆ ಇಳಿದದ್ದನ್ನು ಮಟ್ಟಿಕಲ್ಲಿನವರು ಇನ್ನೂ ಕಂಡಿಲ್ಲ. ಕಾರೆಗಿಡದಿಂದ ಬುರುಡೆ ಇಳಿಸಿಕೊಂಡು ನೀರು ಮೊಗೆಯುತ್ತಾರೆ, ಯಾರ ಮುಖವನ್ನೂ ನೋಡದೆ ಇಪ್ಪತ್ತು ಹೆಜ್ಜೆ ಕೆಳಗಿನ ಬಾನಿಗೆ ನಡೆಯುತ್ತಾರೆ.