ನೀರು ತಲುಪದ ಕೂಸು

ಶಿಂಷಾ ಹೊಳೆಯ ದಡದಲ್ಲಿ ಅರುಳಪ್ಪಸ್ವಾಮಿಗಳು ಒಂದು ಆಶ್ರಮ ಕಟ್ಟಿಕೊಂಡಿದ್ದರು. ಎರಡು ಗುಡಿಸಲು, ಒಂದು ಮರದ ಶಿಲುಬೆ, ಅಷ್ಟೇ.

ಅವರ ಬಳಿ ಇನ್ನಾಸಿ ಎಂಬ ಶಿಷ್ಯನಿದ್ದ. ಪಕ್ಕದೂರಿನ ಉಪದೇಶಿ ಚೌರಪ್ಪನ ಒಬ್ಬನೇ ಮಗ. ಊರಿನ ಕ್ರೈಸ್ತರ ಮಕ್ಕಳಿಗೆಲ್ಲ ಜಪ, ಕಟ್ಟಳೆ ಕಲಿಸಿದವನು ಚೌರಪ್ಪ. ಮಗನಿಗಂತೂ ತೊಟ್ಟಿಲಲ್ಲೇ ಶುರು ಮಾಡಿದ್ದ. ಯಾವುದು ಸಣ್ಣ ಪಾಪ, ಯಾವುದು ದೊಡ್ಡದು, ಯಾವುದಕ್ಕೆ ಎಂಥ ಶಿಕ್ಷೆ ಎಂದು ಇನ್ನಾಸಿ ನಿದ್ದೆಗಣ್ಣಿನಲ್ಲೂ ಹೇಳಬಲ್ಲವನಾಗಿದ್ದ.

ಒಂದು ಬೆಳಿಗ್ಗೆ ಗುರುಗಳು ಕಾಯಿಲೆಯವರನ್ನು ನೋಡಲು ಬೇರೆ ಊರಿಗೆ ಹೋಗಿದ್ದರು. ಸುಣ್ಣ ಸುಡುವವರ ಕೇರಿಯಿಂದ ಒಬ್ಬಳು ಓಡುತ್ತ ಬಂದಳು.

“ಸಹಾಯಮ್ಮನ ಕೂಸು ಕಣ್ಣು ತೇಲಿಸ್ತಾ ಅದೆ. ಇನ್ನೂ ಜ್ಞಾನಸ್ನಾನ ಆಗಿಲ್ಲ. ಬೇಗ ಬಾರಪ್ಪಾ!”

ಇನ್ನಾಸಿ ಓಡಿದ. ಸಾವಿನ ಹೊತ್ತಿನಲ್ಲಿ ಯಾರು ಬೇಕಾದರೂ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದು ಎಂದು ಅಪ್ಪ ಕಲಿಸಿದ್ದ. ನೀರು ಶುದ್ಧವಾಗಿರಬೇಕು ಎಂದೂ ಕಲಿಸಿದ್ದ.

ಗುಡಿಸಲಿನ ಕೊಡದಲ್ಲಿ ನೀರಿತ್ತು. ಮೇಲೆ ಸುಣ್ಣದ ಕೆನೆ ಕಟ್ಟಿತ್ತು.

ಇನ್ನಾಸಿ ಅದನ್ನು ನೋಡಿದ. ಕೂಸನ್ನು ನೋಡಿದ. ಚೊಂಬು ಎತ್ತಿಕೊಂಡು ಹೊಳೆಗೆ ಓಡಿದ.

ವಾಪಸು ಬರುವಷ್ಟರಲ್ಲಿ ಕೂಸು ತಣ್ಣಗಾಗಿತ್ತು.

ಸಹಾಯಮ್ಮ ಅಳಲಿಲ್ಲ. ತುಂಬಿದ ಚೊಂಬನ್ನೇ ನೋಡುತ್ತ ಕೇಳಿದಳು:

“ಇನ್ನಾಸಪ್ಪ, ನನ್ನ ಮಗ ಈಗ ಎಲ್ಲವ್ನೆ?”

ಇನ್ನಾಸಿ ತಲೆ ತಗ್ಗಿಸಿ ಹೊರಗೆ ಬಂದ.

ಮಧ್ಯಾಹ್ನ ಗುರುಗಳು ಬಂದಾಗ ಅವನು ಶಿಲುಬೆಯ ಬುಡದಲ್ಲಿ ಬೋರಲು ಬಿದ್ದಿದ್ದ.

“ಸ್ವಾಮಿ, ಒಂದು ಆತ್ಮ ನನ್ನಿಂದ ಹಾಳಾಯ್ತು.”

“ಕೂಸು ಸತ್ತದ್ದು ಜ್ವರದಿಂದ. ದಾರಿಯಲ್ಲೇ ಕೇಳಿದೆ.”

“ಸಾವಿನ ಮಾತಲ್ಲ ಸ್ವಾಮಿ, ಅದರಾಚೆಯದು. ಕೈಗೆಟುಕೋ ಹಾಗೆ ನೀರಿತ್ತು. ಸುಣ್ಣ ಕಂಡು ನಾನು ಹೊಳೆಗೆ ಹೋದೆ. ಜ್ಞಾನಸ್ನಾನ ಇಲ್ಲದೆ ಹೋದ ಆ ಕೂಸು ಇನ್ನು ಯಾವತ್ತೂ ದೇವರ ಮುಖ ನೋಡೋ ಹಾಗಿಲ್ಲ.”

“ಯಾರು ಹೇಳಿದರು?”

“ಅಪ್ಪ. ಅಪ್ಪನಿಗೆ ಅವರಪ್ಪ.”

“ಸರಿ. ಅದರ ತಾಯಿ ನಿನ್ನನ್ನು ಏನೋ ಕೇಳಿದಳಂತಲ್ಲ. ಹೋಗು. ಇದನ್ನೇ ಹೇಳಿ ಬಾ.”

ಇನ್ನಾಸಿ ಎದ್ದು ಹೋದ. ಸಹಾಯಮ್ಮ ಗೋಡೆಗೆ ಒರಗಿ ಕೂತಿದ್ದಳು. ಕುಡಿಯುವ ಬಾಯಿಲ್ಲದೆ ಹಾಲು ತಾನಾಗಿ ಇಳಿದು ಅವಳ ರವಿಕೆ ನೆನೆದಿತ್ತು. ಇನ್ನಾಸಿ ಹೊಸಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ತಿರುಗಿ ಬಂದ.

“ಹೇಳಿದೆಯಾ?” ಎಂದರು ಗುರುಗಳು.

“ಆಗಲಿಲ್ಲ.”

“ಪಾಠ ಮರೆತುಹೋಯ್ತೇ?”

“ಇಲ್ಲ ಸ್ವಾಮಿ. ಒಂದಕ್ಷರ ಮರೆತಿಲ್ಲ. ಅವಳ ಮುಖ ನೋಡಿ ಹೇಳೋಕೆ ನಾಲಿಗೆ ಏಳಲಿಲ್ಲ.”

“ಅವಳು ನಿನಗೇನಾಗಬೇಕು?”

“ಏನೂ ಆಗಬೇಕಿಲ್ಲ.”

“ಏನೂ ಅಲ್ಲದ ನಿನ್ನ ಕರುಳೇ ಚುರ್ ಅಂತು. ಆ ಕೂಸನ್ನ ಹೊಟ್ಟೆಯೊಳಗೆ ನೇಯ್ದವನು ನಿನಗಿಂತ ಕಲ್ಲೆದೆಯವನೇನು?”

ಇನ್ನಾಸಿ ಹೊಳೆಯ ಕಡೆ ತಿರುಗಿದ.

“ಹಾಗಾದರೆ ನೀರು ಸುಳ್ಳೇ, ಸ್ವಾಮಿ?”

“ನೀರು ಸುಳ್ಳಲ್ಲ. ನಿನ್ನನ್ನೂ ನನ್ನನ್ನೂ ತೊಳೆದದ್ದು ಅದೇ. ನಮ್ಮ ಕೈಗೆ ಅದನ್ನ ಕೊಟ್ಟವನು ಅವನು. ತನ್ನ ಕೈ ಕಟ್ಟಿಹಾಕಲಿ ಅಂತ ಕೊಡಲಿಲ್ಲ. ನೀನು ಚೊಂಬು ಹಿಡಿದು ಓಡಿ ಬರೋತನಕ ಬಾಗಿಲು ಹಾಕ್ಕೊಂಡು ಕೂತಿರ್ತಾನೆ ಅಂದ್ಕೊಂಡೆಯಾ?”

ಇನ್ನಾಸಿಗೆ ಸಮಾಧಾನವಾಗಲಿಲ್ಲ. ಭಯವಾಯಿತು. ಇಷ್ಟು ವರ್ಷ ಕಾಲೂರಿದ್ದ ದಡ ಕುಸಿದು ಕಾಲಡಿಯಲ್ಲಿ ಬರೀ ಹೊಳೆ ಹರಿದಂತಾಯಿತು.

ಆದರೂ ಅವನು ಮತ್ತೆ ಆ ಹೊಸಿಲಿಗೆ ಹೋದ. ಈ ಸಲ ಒಳಗೆ ಹೋಗಿ ನೆಲದ ಮೇಲೆ ಕೂತ.

“ನಿನ್ನ ಮಗ ದೇವರ ಹತ್ತಿರ ಇದ್ದಾನೆ, ಅವ್ವಾ.”

ಆಗ ಸಹಾಯಮ್ಮ ಅತ್ತಳು.

ಬಿಸಿಲು ಇಳಿಯುವ ಹೊತ್ತಿಗೆ ಕೂಸನ್ನು ಮಣ್ಣಿಗೆ ಒಯ್ದರು. ಊರಾಚೆ ಕಳ್ಳಿಬೇಲಿಯೊಳಗೆ ಕ್ರೈಸ್ತರ ಸಮಾಧಿಭೂಮಿ. ಜ್ಞಾನಸ್ನಾನವಿಲ್ಲದೆ ಹೋದ ಕೂಸುಗಳಿಗೆ ಬೇಲಿಯ ಹೊರಗೆ ಜಾಗ. ಗಂಟೆಯಿಲ್ಲ, ಜಪವಿಲ್ಲ. ಅಜ್ಜನ ಕಾಲದಿಂದಲೂ ಹಾಗೇ.

ಗುರುಗಳು ಕೂಸನ್ನು ಎತ್ತಿಕೊಂಡು ಮುಂದೆ ನಡೆದರು. ಇನ್ನಾಸಿ ಗುದ್ದಲಿ ಹೊತ್ತಿದ್ದ. ಹಿಂದೆ ಸಹಾಯಮ್ಮನೂ ಕೇರಿಯ ಹೆಂಗಸರೂ ಬಂದರು.

ಚೌರಪ್ಪ ತಡಿಕೆ ಬಾಗಿಲಿಗೆ ಅಡ್ಡ ನಿಂತಿದ್ದ.

“ಇದು ಆಗೋದಲ್ಲ ಸ್ವಾಮಿ. ತಮಗೆ ತಿಳೀದೆ ಇರೋದು ಏನಿದೆ?”

ಇನ್ನಾಸಿ ಮುಂದೆ ಬಂದ.

“ದಾರಿ ಬಿಡಪ್ಪ.”

“ನನ್ನ ಮಗನಾಗಿ ನೀನು ಹೇಳೋ ಮಾತಾ ಇದು? ನಿನಗೆ ನಾನೇನು ಕಲಿಸಿದೆ?”

“ನೀನು ಕಲಿಸಿದ್ದನ್ನ ಹೇಳೋಕೆ ಅವಳ ಮನೆಗೆ ಹೋದೆ. ಬಾಯಿ ಬರಲಿಲ್ಲ. ನಿನಗೆ ಬಂದರೆ, ಅಗೋ ನಿಂತವಳೆ, ನೀನೇ ಹೇಳು.”

ಚೌರಪ್ಪ ಸಹಾಯಮ್ಮನ ಕಡೆ ನೋಡಿ ಕಣ್ಣು ಕೆಳಗಿಟ್ಟ. ಆದರೆ ಜಾಗ ಬಿಡಲಿಲ್ಲ.

“ಚೌರಪ್ಪ, ನನಗೆ ವಯಸ್ಸಾಯ್ತು,” ಎಂದರು ಗುರುಗಳು. “ಕೈ ಸೋಲ್ತಾ ಇದೆ. ಒಂದು ಗಳಿಗೆ ಹಿಡ್ಕೊ.”

ಬೇಡವೆನ್ನುವ ಮೊದಲೇ ಕೂಸು ಅವನ ತೋಳಿಗೆ ಬಂದಿತ್ತು.

ಚೌರಪ್ಪ ಬಗ್ಗಿ ನೋಡಿದ. ಬಟ್ಟೆ ಸರಿದು ಪುಟ್ಟ ಪಾದವೊಂದು ಹೊರಗೆ ಕಾಣುತ್ತಿತ್ತು. ಅದನ್ನು ಒಳಗೆ ಸೇರಿಸಿ ಬಟ್ಟೆ ಹೊದೆಸಿದ. ಬಾಗಿಲ ಕಂಬಕ್ಕೆ ಬೆನ್ನು ಕೊಟ್ಟು ಕುಸಿದು ಕೂತ.

“ಹಗುರ,” ಎಂದ. “ಅವಳೂ ಹಿಂಗೇ ಹಗುರ ಇದ್ದಳು.”

“ಯಾರಪ್ಪಾ?” ಎಂದ ಇನ್ನಾಸಿ.

ಚೌರಪ್ಪ ಮಗನ ಮುಖ ನೋಡದೆ ಬೇಲಿಯ ಹೊರಗಿನ ತಂಗಡಿ ಪೊದೆಯತ್ತ ಕಣ್ಣು ತೋರಿಸಿದ.

“ನಿನ್ನ ಅಕ್ಕ. ನೀನು ಹುಟ್ಟೋ ಮುಂಚೆ. ಆಗಿನ ಗುರುಗಳೇ ಬಂದು ನೀರು ಹಾಕಲಿ ಅಂತ ಕಾದೆ, ರಾತ್ರಿ ನಿದ್ದೇಲೇ ಹೋಗ್ಬಿಟ್ಟಳು. ನಾನೇ ಗುಣಿ ತೆಗೆದೆ. ನಿಮ್ಮವ್ವ ಕಾಲು ಹಿಡ್ಕೊಂಡಳು, ಒಳಗೆ ಇಡು ಅಂತ. ಉಪದೇಶಿ ಮನೆಯವರೇ ಕಟ್ಟಳೆ ಮುರಿದರೆ ಹೆಂಗೆ ಅಂದೆ.” ಅವನು ಗುರುಗಳ ಕಡೆ ತಿರುಗಿದ. “ಈಗ ಈ ಕೂಸು ಒಳಗೆ ಹೋಗಬಹುದು ಅಂದರೆ, ನಾನು ಮಾಡಿದ್ದೇನು ಸ್ವಾಮಿ?”

ಗುರುಗಳು ಅವನ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತರು.

“ಹೆಸರೇನಿಟ್ಟಿದ್ದೆ?”

“ಜ್ಞಾನಸ್ನಾನ ಇಲ್ಲದೆ ಹೆಸರೆಲ್ಲಿಂದ ಸ್ವಾಮಿ?”

“ಮನೇಲಿ ಏನಂತ ಕರೀತಿದ್ರಿ?”

ಚೌರಪ್ಪ ಕೂಸಿನ ಬಟ್ಟೆಯ ಅಂಚನ್ನು ಮತ್ತೆ ಸರಿಮಾಡಿದ.

“ಅವಳವ್ವ ತಂಗಮ್ಮ ಅಂತಿದ್ದಳು. ನಾನು ಕರೀಲಿಲ್ಲ. ಒಂದು ಸಲವೂ ಕರೀಲಿಲ್ಲ.”

“ಈಗ ಕರಿ.”

ಚೌರಪ್ಪ ಸಹಾಯಮ್ಮನ ಕೂಸನ್ನು ಎದೆಗೆ ಅವುಚಿಕೊಂಡು, ತಂಗಡಿ ಪೊದೆಯ ಕಡೆ ತಿರುಗಿ, ಮಲಗಿದವಳನ್ನು ಎಬ್ಬಿಸುವಂತೆ ಮೆಲ್ಲಗೆ ಕರೆದ. “ತಂಗಮ್ಮಾ.” ಮತ್ತೆ ಕರೆದ. ಆಮೇಲೆ ದನಿ ತೆಗೆದು ಅತ್ತ. ಊರಿಗೆಲ್ಲ ಜಪ ಹೇಳಿಕೊಟ್ಟ ಬಾಯಿ ಹಾಗೆ ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಸಹಾಯಮ್ಮ ಬಂದು ಅವನ ತಲೆಯ ಮೇಲೆ ಕೈಯಿಟ್ಟು ನಿಂತಳು.

ಇನ್ನಾಸಿ ತಡಿಕೆ ಸರಿಸಿ ಒಳಗೆ ಹೋಗಿ ಗುಣಿ ತೋಡಿದ. ಕೂಸನ್ನು ಒಳಗೆ ಇಳಿಸಿದವನು ಚೌರಪ್ಪ. ಗುರುಗಳು ಸಹಾಯಮ್ಮನನ್ನು ಕೇಳಿ ಕೂಸಿಗೆ ರಾಯಪ್ಪನೆಂದು ಹೆಸರು ಹೇಳಿ ಜಪ ಮಾಡಿದರು. ಜಪದ ಕೊನೆಗೆ ತಂಗಮ್ಮನ ಹೆಸರನ್ನೂ ಸೇರಿಸಿದರು.

ಎಲ್ಲರೂ ಹೋದ ಮೇಲೆ ಗುರುಶಿಷ್ಯರು ಹೊಳೆದಡದಲ್ಲಿ ನಡೆದು ಬರುತ್ತಿದ್ದರು. ಇನ್ನಾಸಿಯ ಎದೆಯಲ್ಲಿ ಕೋಪವೂ ಇತ್ತು, ಮರುಕವೂ ಇತ್ತು.

“ಸ್ವಾಮಿ, ಹುಟ್ಟಿದಾಗಿನಿಂದ ಅಪ್ಪನ ಪಾಠವನ್ನೇ ನಂಬಿದೆ. ಇನ್ನು ಅವನ ಹತ್ತಿರ ನಾನು ಕಲಿಯೋದು ಏನುಳಿಯಿತು?”

ಗುರುಗಳು ನಿಂತರು.

“ದೇವರಿಗೆ ಹೆದರೋದನ್ನ ಅವನ ಹತ್ತಿರ ಕಲಿತೆ. ಇವತ್ತು ಅವನು ಅತ್ತನಲ್ಲ, ಅದನ್ನೂ ಅವನ ಹತ್ತಿರವೇ ಕಲಿ.”